ರೇಡಿಯೊ ಕಡಿದರೂ ಮಾತು ನಿಲ್ಲಬಾರದು: ಎಸ್‌ಡಿಎನ್ ಜೊತೆ ನನ್ನ ಅನುಭವ

ಸೈನ್ಯದ ಸಿಗ್ನಲ್ಸ್‌ನಲ್ಲಿ, ಅಂದರೆ ಸಂಪರ್ಕ ವಿಭಾಗದಲ್ಲಿದ್ದಾಗ ನನ್ನನ್ನು ಜಾಸ್ತಿ ಕಾಡಿದ್ದು ಒಂದೇ ವಿಷಯ. ತುಕಡಿ ಜಾಗ ಬದಲಿಸಿದಾಗಲೆಲ್ಲ ಒಂದೊಂದು ರೂಟರ್ ಮುಂದೆಯೂ ಕೂತು ಸೆಟ್ಟಿಂಗ್ ಬದಲಿಸಬೇಕಿತ್ತು. ನಿವೃತ್ತಿಯಾಗಿ ಹಾಸನಕ್ಕೆ ಬಂದ ಮೇಲೆ ಇಂಜಿನಿಯರಿಂಗ್ ಓದುವ ಹುಡುಗರ ಜೊತೆ ಎಸ್‌ಡಿಎನ್ (ಇಡೀ ನೆಟ್‌ವರ್ಕನ್ನು ಸಾಫ್ಟ್‌ವೇರ್‌ನಿಂದ ನಿಯಂತ್ರಿಸುವ ವಿಧಾನ) ಪ್ರಯೋಗಕ್ಕೆ ಇಳಿದಿದ್ದು ಅದಕ್ಕೇ. ಸೈನ್ಯದ ಸಾಮಾನು ಇದರಲ್ಲಿ ಏನೂ ಇಲ್ಲ. ಸಣ್ಣ ಲಿನಕ್ಸ್ ಬೋರ್ಡ್‌ಗಳು, ಅವನ್ನು ನೆಟ್‌ವರ್ಕ್ ಸ್ವಿಚ್ ಆಗಿಸುವ ಓಪನ್ ವಿಸ್ವಿಚ್ ಸಾಫ್ಟ್‌ವೇರ್, ಅಂಗಡಿಯಲ್ಲಿ ಸಿಗುವ ವೈಫೈ ರೇಡಿಯೊ, ಅಷ್ಟೇ.

ಎಸ್‌ಡಿಎನ್‌ನಲ್ಲಿ ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಅಂತ ತೀರ್ಮಾನಿಸುವುದು ಕಂಟ್ರೋಲರ್ ಎಂಬ ಸಾಫ್ಟ್‌ವೇರ್. ಅದು ಓಪನ್‌ಫ್ಲೋ ಎಂಬ ಸಂವಹನ ಪದ್ಧತಿಯ ಮೂಲಕ ನಿಯಮ ಕಳಿಸುತ್ತದೆ, ಡೇಟಾ ಮುಂದಕ್ಕೆ ಸಾಗಿಸುವ ಸ್ವಿಚ್ ಪಾಲಿಸುತ್ತದೆ. ಆದರೆ ಫೀಲ್ಡ್‌ನಲ್ಲಿ ಕಂಟ್ರೋಲರ್ ಬರೀ ಹೆಡ್‌ಕ್ವಾರ್ಟರ್ಸ್‌ನಲ್ಲಿದ್ದರೆ ಕೆಲಸ ಕೆಟ್ಟಂತೆ. ನಮ್ಮ ಹಾಸನದ ಎಂಸಿಎಫ್‌ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನವರು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಂಥ ಉಪಗ್ರಹದ ಮೂಲಕ ಕಂಟ್ರೋಲರನ್ನು ಕೇಳಿ ಉತ್ತರ ಪಡೆಯಲು ಅರ್ಧ ಸೆಕೆಂಡ್ ಬೇಕು. ಪ್ರತಿ ಕರೆಗೂ ಕೇಳುತ್ತಾ ಕೂರಲು ಆಗುತ್ತಾ? ಅದಕ್ಕೆ ನಿಯಮಗಳನ್ನು ಮೊದಲೇ ತುಂಬಿಸಿಟ್ಟೆವು. ಪ್ರತಿ ಠಾಣೆಯಲ್ಲೂ, ಅಂದರೆ ರೇಡಿಯೊ ಮತ್ತು ಸ್ವಿಚ್ ಇಟ್ಟ ಪ್ರತಿ ಜಾಗದಲ್ಲೂ, ಒಂದು ಸಣ್ಣ ಕಂಟ್ರೋಲರ್ ಇಟ್ಟೆವು.

ಇಲ್ಲಿ ಒಂದು ಸೆಟ್ಟಿಂಗ್ ಬಹಳ ಮುಖ್ಯ. ಓಪನ್ ವಿಸ್ವಿಚ್ ಸುಮ್ನೆ ಬಿಟ್ಟರೆ 'ಸ್ಟ್ಯಾಂಡಲೋನ್' ಮೋಡ್‌ನಲ್ಲಿರುತ್ತದೆ. ಕಂಟ್ರೋಲರ್ ಕೈಗೆ ಸಿಗದಿದ್ದರೆ ಅದು ಮಾಮೂಲಿ ಸ್ವಿಚ್ ಥರ ನಡೆದುಕೊಳ್ಳಲು ಶುರು ಮಾಡುತ್ತದೆ. ಠಾಣೆಗಳು ಉಂಗುರದಂತೆ ಜೋಡಣೆಯಾಗಿದ್ದರೆ ಡೇಟಾ ಸುತ್ತಿ ಸುತ್ತಿ ನೆಟ್‌ವರ್ಕ್ ಕಟ್ಟಿಹೋಗುತ್ತದೆ. 'ಸೆಕ್ಯೂರ್' ಮೋಡ್‌ಗೆ ಹಾಕಿ, ನಿಯಮಗಳಿಗೆ ಟೈಮ್‌ಔಟ್ (ತಾನಾಗಿ ಅಳಿಸಿಹೋಗುವ ಗಡುವು) ಇಡದಿದ್ದರೆ ಕೊನೆಯ ನಿಯಮಗಳು ಹಾಗೇ ಉಳಿಯುತ್ತವೆ.

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಮಳೆ ನೋಡಿಕೊಂಡೇ ಪರೀಕ್ಷೆಗೆ ಹೋದೆವು. ನೆನೆದ ಸಿಲ್ವರ್ ಓಕ್ ಎಲೆಗಳು ವೈಫೈ ಸಿಗ್ನಲನ್ನು ಚೆನ್ನಾಗಿ ನುಂಗುತ್ತವೆ. ಆಚೆ ಗುಡ್ಡದ ಲಿಂಕ್ ಹೋಯಿತು. ಆದರೆ ಸ್ವಿಚ್ಚಿನ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು! ಸ್ವಿಚ್ಚಿಗೆ ಕಾಣುವುದು ಕಂಬದ ಮೇಲಿನ ರೇಡಿಯೊವರೆಗಿನ ಕೇಬಲ್ ಮಾತ್ರ. ಕೇಬಲ್ ಸರಿಯಿದೆ, ಹಾಗಾಗಿ ಬದಲಿ ದಾರಿಗೆ ಹೊರಳುವ 'ಫಾಸ್ಟ್ ಫೇಲ್‌ಓವರ್' ಅಲ್ಲಾಡಲಿಲ್ಲ. ಇದಕ್ಕೆ ಮದ್ದು ಬಿಎಫ್‌ಡಿ ಎಂಬ ಲಿಂಕ್ ಪರೀಕ್ಷಿಸುವ ವ್ಯವಸ್ಥೆ. ಎರಡೂ ತುದಿಯ ಸ್ವಿಚ್‌ಗಳು ಪರಸ್ಪರ 'ಇದ್ದೀಯಾ?' ಅಂತ ವಿಚಾರಿಸುತ್ತಿರುತ್ತವೆ. ಅದರ ಮೂಲ ಸೆಟ್ಟಿಂಗ್‌ನಲ್ಲಿ ಕಡಿತ ಗೊತ್ತಾಗಲು ಸುಮಾರು 3 ಸೆಕೆಂಡ್ ಬೇಕು. ಆದೇಶ ಕೊಡುವಾಗ ಅದು ದೊಡ್ಡ ಹೊತ್ತು. ಈ ವಿಚಾರಣೆಗಳ ನಡುವಿನ ಅಂತರವನ್ನು 300 ಮಿಲಿಸೆಕೆಂಡ್‌ಗೆ ಇಳಿಸಿದೆವು, ಸೆಕೆಂಡಿನ ಆಸುಪಾಸಿನಲ್ಲಿ ದಾರಿ ಬದಲಾಯಿತು. ಇನ್ನೂ ಇಳಿಸಬಹುದು, ಆದರೆ ಸಣ್ಣ ರೇಡಿಯೊ ಲಿಂಕ್ ಈ ವಿಚಾರಣೆಯಲ್ಲೇ ತುಂಬಿಹೋಗುತ್ತದೆ.

ಬದಲಿ ಲಿಂಕ್ ನಿಧಾನದ್ದು. ಅದರಲ್ಲಿ ಧ್ವನಿಗೆ ಮೊದಲ ಸರದಿ, ಆಮೇಲೆ ಸಂದೇಶ, ವಿಡಿಯೊ ಕೊನೆಗೆ. 'ಸಾರ್, ವಿಡಿಯೊ ಹೋಯ್ತು, ನಿಮ್ಮ ಮಾತು ಕೇಳ್ತಿದೆ' ಅಂದ ಆಚೆ ಗುಡ್ಡದ ಹುಡುಗ. ನಮಗೆ ಬೇಕಿದ್ದದ್ದೂ ಅದೇ.

ಕೊನೆಗೆ ಪ್ರತಿ ಸ್ವಿಚ್ಚಿಗೂ ಬೇರೆ ಬೇರೆ ಟಿಎಲ್‌ಎಸ್ ಸರ್ಟಿಫಿಕೇಟ್ (ಗುರುತಿನ ಚೀಟಿಯಂಥ ಡಿಜಿಟಲ್ ಪತ್ರ) ಕೊಟ್ಟೆವು. ನಿಜವಾದ ಫೀಲ್ಡ್‌ನಲ್ಲಿ ಸ್ವಿಚ್ ಇರುವ ಒಂದು ವಾಹನ ಶತ್ರುವಿನ ಕೈಗೆ ಸಿಕ್ಕಿದರೆ ಅದರದ್ದೊಂದನ್ನೇ ರದ್ದು ಮಾಡಿದರೆ ಸಾಕು, ಉಳಿದ ಠಾಣೆಗಳ ಕೆಲಸ ನಡೆಯುತ್ತಲೇ ಇರುತ್ತದೆ.