ಸಿಗ್ನಲ್ ಇಲ್ಲದ ಮನೆ, ಓಟಿಪಿ ಗೋಳು: ನಾನು ಮಾಡಿಕೊಂಡ ವ್ಯವಸ್ಥೆ

ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಆಫೀಸು ನಮ್ಮದು. ಕಂಪ್ಯೂಟರ್ ಸ್ವಲ್ಪ ಗೊತ್ತು ಅನ್ನುವ ಕಾರಣಕ್ಕೆ ಪಾಸ್‌ವರ್ಡ್, ಬ್ಯಾಕಪ್, ವೈರಸ್ ಎಲ್ಲಾ ನನ್ನ ತಲೆಗೇ ಬಂತು. ಕೆಲವರು ಊರಿಂದಲೇ ಕೆಲಸ ಮಾಡುತ್ತಾರೆ, ಒಬ್ಬರು ಹೊಸನಗರದ ಕಡೆ, ಇನ್ನೊಬ್ಬರು ತೀರ್ಥಹಳ್ಳಿ ದಾಟಿ ಆಗುಂಬೆ ದಾರಿಯಲ್ಲಿ. ಮನೆಗೆ ಫೈಬರ್ ಬಂದಿದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮಾತ್ರ ಗುಡ್ಡ ಹತ್ತಬೇಕು. ಮಲೆನಾಡಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

"ಓಟಿಪಿ ಯಾರಿಗೂ ಹೇಳಬೇಡಿ" ಅಂತ ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಓಟಿಪಿ ಬರುವುದು ಮಂಡಿ ಯಜಮಾನರ ಫೋನಿಗೆ, ಕೆಲಸ ಮಾಡುವವಳು ಗುಡ್ಡದ ಆಚೆ. ಲಾರಿ ಲೋಡಾಗಿ ನಿಂತಿದೆ, ಮಾಲು 50,000 ರೂಪಾಯಿ ದಾಟಿದೆ, ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ನಿಯಮದಂತೆ ಆನ್‌ಲೈನಿನಲ್ಲಿ ತೆಗೆಯುವ ಪತ್ರ) ಇಲ್ಲದೆ ಹೊರಡುವ ಹಾಗಿಲ್ಲ, ಹಾಗಾಗಿ ಯಜಮಾನರು ಓಟಿಪಿಯನ್ನು ವಾಟ್ಸಾಪಿನಲ್ಲಿ ಕಳಿಸಲೇಬೇಕು. ದಿನಾ ಹೀಗೆ ಓಟಿಪಿ ಹಂಚಿ ರೂಢಿಯಾದವರಿಗೆ, ಯಾವನೋ ಕಳ್ಳ ಫೋನ್ ಮಾಡಿ "ಸಾರ್, ಓಟಿಪಿ ಬಂತಾ, ಬೇಗ ಹೇಳಿ" ಅಂದರೆ ಅನುಮಾನ ಎಲ್ಲಿಂದ ಬರಬೇಕು?

ಅದಕ್ಕೆ ನಾನು ಬುದ್ಧಿ ಹೇಳುವುದು ಬಿಟ್ಟು ಹಂಚುವ ಅಗತ್ಯವನ್ನೇ ತೆಗೆದೆ. ಇ-ವೇ ಬಿಲ್ ಪೋರ್ಟಲ್ಲಿನಲ್ಲಿ ಸಬ್-ಯೂಸರ್ ಮಾಡಬಹುದು. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ಅವರದೇ ಮೊಬೈಲ್ ನಂಬರ್, ಬೇಕಾದಷ್ಟೇ ಅಧಿಕಾರ. ಕೆಲಸ ಬಿಟ್ಟು ಹೋದರೆ ಆ ಒಂದು ಲಾಗಿನ್ ನಿಲ್ಲಿಸಿದರಾಯ್ತು. 2025ರ ಏಪ್ರಿಲ್ 1ರಿಂದ ಅಲ್ಲಿ ಎರಡು ಹಂತದ ಲಾಗಿನ್, ಅಂದರೆ ಪಾಸ್‌ವರ್ಡ್ ಜೊತೆಗೆ ಓಟಿಪಿ, ಎಲ್ಲರಿಗೂ ಕಡ್ಡಾಯವಾಗಿದೆ. ಓಟಿಪಿ ಎಸ್‌ಎಂಎಸ್‌ನಲ್ಲೇ ಬರಬೇಕು ಅಂತೇನಿಲ್ಲ. ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಅನ್ನುವ ಆ್ಯಪ್ ಇದೆ, ಅದು ಸಿಗ್ನಲ್ ಇಲ್ಲದೆಯೂ ಓಟಿಪಿ ಕೊಡುತ್ತದೆ. ಅದರ ಲಿಂಕ್ ಪೋರ್ಟಲ್ಲಿನ ಒಳಗೇ ಸಿಗುತ್ತದೆ, ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಎಪಿಕೆ (ಆ್ಯಪ್ ಹಾಕಿಕೊಳ್ಳುವ ಫೈಲ್) ಮುಟ್ಟಬೇಡಿ.

ಆಫೀಸಿನ ಇ-ಮೇಲಿಗೂ ಅದೇ ದಾರಿ, ಆಥೆಂಟಿಕೇಟರ್ ಆ್ಯಪ್. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀ ಫೋನಿನಲ್ಲಿ ಉಳಿಯುತ್ತದೆ, ಸರ್ವರ್ ಹತ್ತಿರವೂ ಅದೇ ಇರುತ್ತದೆ. ಇಬ್ಬರೂ ಆ ಕೀ ಮತ್ತು ಆ ಕ್ಷಣದ ಸಮಯ ಸೇರಿಸಿ ಲೆಕ್ಕ ಹಾಕುತ್ತಾರೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಆರು ಅಂಕಿ. ಹಾಗಾಗಿ ನೆಟ್‌ವರ್ಕ್ ಬೇಕಿಲ್ಲ, ಆದರೆ ಫೋನಿನ ಗಡಿಯಾರ ಸರಿ ಇರಬೇಕು. ಕೋಡ್ ತಗೊಳ್ತಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ "ಆಟೊಮ್ಯಾಟಿಕ್ ಟೈಮ್ ಆನ್ ಇದೆಯಾ?" ಅಂತ. ಫೋನ್ ಕೈಕೊಟ್ಟಾಗ ಲಾಗಿನ್ ಆಗಲು ಇರುವ ರಿಕವರಿ ಕೋಡುಗಳನ್ನು ಪ್ರಿಂಟ್ ತೆಗೆದು ಆಫೀಸಿನ ಕಬ್ಬಿಣದ ಬೀರುವಿನಲ್ಲಿಟ್ಟಿದ್ದೇನೆ. ಮಳೆಗಾಲದಲ್ಲಿ ಫೋನ್ ನೀರಿಗೆ ಬೀಳುವುದೇನು ಹೊಸದಲ್ಲವಲ್ಲ. ನಕಲಿ ಲಾಗಿನ್ ಪುಟದಲ್ಲಿ ಹಾಕಿದರೆ ಈ ಕೋಡೂ ಕಳ್ಳನ ಕೈಗೇ ಹೋಗುತ್ತದೆ, ಅದಕ್ಕೆ ಪಾಸ್‌ಕೀ (ಕೋಡ್ ಟೈಪ್ ಮಾಡದೆ ಫೋನಿನ ಲಾಕ್ ತೆರೆದೇ ಲಾಗಿನ್ ಆಗುವ ವ್ಯವಸ್ಥೆ, ನಕಲಿ ಪುಟದಲ್ಲಿ ಕೆಲಸ ಮಾಡುವುದಿಲ್ಲ) ಸಿಗುವ ಕಡೆ ಈಗ ಅದನ್ನೇ ಹಾಕುತ್ತಿದ್ದೇನೆ.

ಲ್ಯಾಪ್‌ಟಾಪಿನಲ್ಲಿ ಮಕ್ಕಳು ಗೇಮ್ ಆಡಬಾರದು ಅಂದರೆ ಯಾರು ಕೇಳುತ್ತಾರೆ? ಸುಮ್ನೆ ಅವರಿಗೊಂದು ಬೇರೆ ಯೂಸರ್ ಮಾಡಿ, ಅಡ್ಮಿನ್ ಅಧಿಕಾರ ಕೊಡದೆ ಬಿಟ್ಟೆ. ಬ್ಯಾಕಪ್ ಹಾರ್ಡ್ ಡಿಸ್ಕ್ ಕಾಪಿ ಮುಗಿದ ತಕ್ಷಣ ಕಳಚಿಡಬೇಕು, ಅದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರಿಗೂ ಆಯ್ತು, ಸಿಡಿಲಿಗೂ ಆಯ್ತು.

ಜಾಸ್ತಿ ದುಡ್ಡು ಹೋಗುವ ದಾರಿ ಬೇರೆಯೇ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಇಲ್ಲಿಗೆ ಹಾಕಿ" ಅಂತ ಪರಿಚಯದವರ ಹೆಸರಲ್ಲೇ ಮೇಲ್ ಬರುತ್ತದೆ. ಮೇಲಿನಲ್ಲಿರುವ ನಂಬರಿಗಲ್ಲ, ನಮ್ಮ ಹಳೆ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳದೆ ಖಾತೆ ಬದಲಿಸುವ ಹಾಗಿಲ್ಲ. ಊರಲ್ಲಿ ಕೂತವರು ಫೋನ್ ಮಾಡುವುದು ಹೇಗೆ ಅಂದರೆ, ವೈ-ಫೈ ಕಾಲಿಂಗ್ ಆನ್ ಮಾಡಿಕೊಟ್ಟೆ, ಫೈಬರ್ ಮೇಲೆಯೇ ಕರೆ ಹೋಗುತ್ತದೆ. ದುಡ್ಡು ಹೋಗಿಯೇಬಿಟ್ಟರೆ ಆಫೀಸಿಗೆ ಹೇಳಲು ಹೆದರಿ ಕೂರದೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂದಿದ್ದೇನೆ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿರುತ್ತದೆ.

ಬ್ಯಾಂಕಿನ ಓಟಿಪಿ ಮಾತ್ರ ನಮಗೆ ಇನ್ನೂ ಎಸ್‌ಎಂಎಸ್‌ನಲ್ಲೇ ಬರುತ್ತದೆ. ಅದಕ್ಕೆ ಪೇಮೆಂಟನ್ನು ಊರಲ್ಲಿರುವವರು ತಯಾರು ಮಾಡಿಡುತ್ತಾರೆ, ಒಪ್ಪಿಗೆ ಒತ್ತುವುದು ಪೇಟೆಯಲ್ಲಿರುವ ಯಜಮಾನರು, ತಮ್ಮದೇ ಫೋನಿನಿಂದ.