ಹಳೇ ಕಿಸೆ ಚಾಕು: ಜಂಗು ಹೋಗಲಿ, ಕಪ್ಪು ಉಳಿಯಲಿ

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಮಡಚುವ ಚಾಕನ್ನು ನೇರವಾಗಿ ಸಾಣೆ ಗಾಲಿಗೆ ಕೊಟ್ಟು ಕೆಡಿಸಿಕೊಂಡವರನ್ನು ಹುಬ್ಬಳ್ಳಿ–ಧಾರವಾಡದಲ್ಲಿ ಬಹಳ ನೋಡಿದ್ದೇನೆ. ‘ಎರಡ ನಿಮಿಷದಾಗ ಹೊಸಾದು ಮಾಡಿ ಕೊಡ್ತೀನ್ರಿ ಸರ’ ಅನ್ನುತ್ತಾರೆ ಸಾಣೆಯವರು, ಮಾಡಿಯೂ ಕೊಡುತ್ತಾರೆ. ಆದರೆ ಅಲಗಿನ ಬುಡದಲ್ಲಿರುವ ತಯಾರಕರ ಮುದ್ರೆ, ವರ್ಷಗಟ್ಟಲೆ ಬಳಸಿ ಬಂದ ಕಪ್ಪು ಛಾಯೆ, ಅಲಗಿನ ಅಗಲ ಎಲ್ಲವೂ ಆ ಎರಡು ನಿಮಿಷದಲ್ಲೇ ಕಿಡಿಯಾಗಿ ಹಾರಿಹೋಗಿರುತ್ತವೆ. ಮತ್ತೆ ತರಲು ಬರುವುದಿಲ್ಲ.

ಮೊದಲು ಚಾಕು ಹುಡುಕಬೇಕು. ಗುಜರಿ ಅಂಗಡಿ, ವಾರದ ಸಂತೆ, ನೆಂಟರ ಮನೆಯ ಅಟ್ಟ, ಇಷ್ಟು ಸಾಕು.

ಎರಡನೆಯದು, ಕೊಳ್ಳುವ ಮುಂಚೆ ಪರೀಕ್ಷೆ. ಅಲಗನ್ನು ಪೂರ್ತಿ ತೆರೆದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿ. ಸಡಿಲವಿದ್ದರೆ ತಿರುಗುಮೊಳೆ, ಅಂದರೆ ಅಲಗು ಯಾವುದರ ಸುತ್ತ ತಿರುಗುತ್ತದೋ ಆ ಮೊಳೆ, ಸವೆದಿದೆ. ಬೆನ್ನಿನ ಸ್ಪ್ರಿಂಗ್ ಸರಿಯಿದ್ದರೆ ತೆರೆಯುವಾಗಲೂ ಮುಚ್ಚುವಾಗಲೂ ‘ಟಕ್’ ಎಂಬ ಗಟ್ಟಿ ದನಿ ಬರುತ್ತದೆ. ಸ್ಪ್ರಿಂಗ್ ಮುರಿದದ್ದನ್ನು ಎಷ್ಟೇ ಅಗ್ಗವಾದರೂ ತೆಗೆದುಕೊಳ್ಳಬೇಡಿ. ಆಮೇಲೆ ಅಲಗಿನ ಬುಡ ನೋಡಿ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಜೋಡಿಯಾಗಿದ್ದರೆ ಅದು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಮರದ ಚಿತ್ರವಿದ್ದರೆ ಜರ್ಮನಿಯ ಜೋಲಿಂಗೆನ್‌ನ ಬೋಕರ್. ರಾಜರ್ಸ್ ಹೆಸರಿನ ನಕಲು ಹಿಂದಿನಿಂದಲೂ ಬಹಳ ಇವೆ. ಅಕ್ಷರ ವಕ್ರವಾಗಿದ್ದರೆ, ಕಾಗುಣಿತ ತಪ್ಪಿದ್ದರೆ ಹೆಸರಿಗೆ ದುಡ್ಡು ಕೊಡಬೇಡಿ. ಕೆಲಸ ಚೆನ್ನಾಗಿದ್ದರೆ ಕೆಲಸಕ್ಕೆ ಕೊಡಿ.

ಉತ್ತರ ಪ್ರದೇಶದ ರಾಂಪುರಿ ಚಾಕು ಬೇಕೆಂದು ಕೇಳುವ ಹುಡುಗರಿಗೆ ಒಂದು ಮಾತು. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು ಶಸ್ತ್ರಾಸ್ತ್ರ ನಿಯಮಗಳಲ್ಲಿ ಆಯುಧಗಳ ಪಟ್ಟಿಗೆ ಸೇರುತ್ತದೆ. ಅದರ ತಂಟೆ ಬೇಡ. ಮೂರಿಂಚಿನ ಕಿಸೆ ಚಾಕಿನಲ್ಲೇ ಜೀವಮಾನಕ್ಕಾಗುವಷ್ಟು ನೋಡುವುದಿದೆ.

ಇನ್ನು ಜನ ಎಡವುವ ಜಾಗ: ಜಂಗು. ಹಳೇ ಚಾಕುಗಳು ಸಾಮಾನ್ಯವಾಗಿ ಬೇಗ ಜಂಗು ಹಿಡಿಯುವ ಕಾರ್ಬನ್ ಉಕ್ಕಿನವು. ಅವುಗಳ ಮೇಲೆ ಎರಡು ಬಗೆಯ ಬಣ್ಣ ಕೂತಿರುತ್ತದೆ. ಕೆಂಪಗೆ, ಪುಡಿಪುಡಿಯಾಗಿ ಬೆರಳಿಗೆ ಹತ್ತುವುದು ಜಂಗು. ಅದು ಉಕ್ಕನ್ನು ತಿನ್ನುತ್ತದೆ. ಬೂದು, ನೀಲಿ, ಕಪ್ಪಾಗಿ ನುಣ್ಣಗೆ ಕೂತದ್ದು ಹಣ್ಣು, ಉಳ್ಳಾಗಡ್ಡಿ ಕೊಯ್ದು ಬಂದ ಛಾಯೆ. ಅದು ಉಕ್ಕನ್ನು ಒಂದಿಷ್ಟು ಕಾಯುತ್ತದೆ. ಮೊದಲನೆಯದು ಹೋಗಬೇಕು, ಎರಡನೆಯದು ಉಳಿಯಬೇಕು. ಹುಣಸೆಹುಳಿ, ಲಿಂಬೆರಸದಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಎರಡೂ ಹೋಗಿ, ಕೆಳಗಿನ ಉಕ್ಕೂ ಮಂಕಾಗುತ್ತದೆ. ಬಾಟಲಿಯಲ್ಲಿ ಮಾರುವ ಜಂಗು ತೆಗೆಯುವ ದ್ರಾವಣಗಳಲ್ಲೂ ಹಲವು ಇದೇ ಆಮ್ಲದ ಕೆಲಸ ಮಾಡುತ್ತವೆ. ನಾನಂತೂ ಅವನ್ನು ಹಳೇ ಚಾಕಿನ ಹತ್ತಿರ ತರುವುದಿಲ್ಲ.

ಅಲಗು ಬಿಗಿದುಕೊಂಡಿದ್ದರೆ ಪಕ್ಕಡ್ ಹಾಕಿ ಎಳೆಯಬೇಡಿ. ತೆರೆಯಲು ಉಗುರು ಹಾಕುವ ಗೆರೆಯ ಹತ್ತಿರವೇ ಅಲಗು ತುಂಡಾಗಬಹುದು. ತಿರುಗುಮೊಳೆಯ ಎರಡೂ ಬದಿಗೆ, ಅಲಗು ಸ್ಪ್ರಿಂಗಿಗೆ ತಾಗುವ ಸಂದಿಗೆ, ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ ಬಿಟ್ಟು ರಾತ್ರಿ ಇಡಿ. ಚಿಮಣಿ ಎಣ್ಣೆಯಲ್ಲಿ ಮುಳುಗಿಸಬೇಡಿ, ಎಲುಬಿನ ಹಿಡಿ ಅದನ್ನು ಹೀರಿ ಹಳದಿಯಾಗುತ್ತದೆ. ಬೆಳಿಗ್ಗೆ ಅಲಗನ್ನು ಕಾಲು ಭಾಗ ತೆರೆಯಿರಿ, ಮುಚ್ಚಿರಿ. ಸಂದಿಯಿಂದ ಕಾಡಿಗೆಯಂಥ ಕಪ್ಪು ರಸ ಒಸರುತ್ತದೆ. ಒರೆಸಿ ಮತ್ತೆ ಹನಿ ಬಿಡಿ. ಎಣ್ಣೆ ತಿಳಿಯಾಗಿ ಬರುವ ತನಕ ಇದೇ ಕೆಲಸ. ಎರಡು ದಿನ ಹಿಡಿದರೂ ಅವಸರ ಬೇಡ.

ಆಮೇಲೆ ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಹಿತ್ತಾಳೆಯ ಚೂರಿನಿಂದ ಕೆಂಪು ಕಲೆಗಳನ್ನಷ್ಟೇ ಕೆರೆಯಿರಿ. ಹಳೇ ಹಿತ್ತಾಳೆ ಬೀಗದ ಕೈಯೂ ನಡೆಯುತ್ತದೆ. ಹಿತ್ತಾಳೆ ಉಕ್ಕಿಗಿಂತ ಮೆತ್ತಗಿರುವುದರಿಂದ ಜಂಗು ಎದ್ದು ಬರುತ್ತದೆ, ಗೀರು ಬೀಳುವುದಿಲ್ಲ. ಹಿತ್ತಾಳೆಯ ಹಳದಿ ಗುರುತು ಹತ್ತಿದರೆ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಮುದ್ರೆಯ ಮೇಲೆ ಮಾತ್ರ ಹಿತ್ತಾಳೆಯೂ ಬೇಡ. ಅಲ್ಲಿಗೆ ಬಿದಿರಿನ ಕಡ್ಡಿಯ ತುದಿಯೇ ಸೈ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಕೆಲಸ ಮಾಡಿ. ಮುಚ್ಚಿಹೋದ ಅಕ್ಷರ ಒಂದೊಂದಾಗಿ ಎದ್ದು ಕಾಣುವಾಗ ಆಗುವ ಖುಷಿಗೇ ನಾವೆಲ್ಲ ಈ ಹವ್ಯಾಸಕ್ಕೆ ಬಿದ್ದಿರುವುದು. ಪಾಲಿಶ್ ಪೇಪರ್ ಯಾವ ನಂಬರಿನದಾದರೂ ಮುದ್ರೆಯ ಹತ್ತಿರ ಬರಕೂಡದು.

ಹರಿತ ಮಾಡಲು ಕೈ ಸಾಣೆಕಲ್ಲು, ನೀರು, ತಾಳ್ಮೆ. ಅಷ್ಟೇ.

ಗೆಳೆಯರು ಸೇರಿ ಚಾಕು ನೋಡುವಾಗ ಮಡಚಿಯೇ ಕೈಗೆ ಕೊಡಿ. ತೆರೆಯುವ ಮುಂಚೆ ಒಡೆಯರನ್ನು ಕೇಳಿ. ಮುಚ್ಚುವಾಗ ಅಲಗನ್ನು ಬಿಟ್ಟುಬಿಡಬೇಡಿ. ಅದರ ಹರಿತ ಅಂಚು ಒಳಗಿನ ಸ್ಪ್ರಿಂಗಿಗೆ ಬಡಿದು ಮೊಂಡಾಗಬಹುದು. ಬೆವರಿನ ಬೆರಳಿನ ಗುರುತೇ ನಾಳೆಯ ಜಂಗು, ಹಾಗಾಗಿ ನೋಡಿದ ಮೇಲೆ ಒರೆಸಿ ವಾಪಸು ಕೊಡುವುದು ಮರ್ಯಾದೆ. ಶೇಂಗಾ ಎಣ್ಣೆ ಹಚ್ಚಿ ಎತ್ತಿಟ್ಟರೆ ದಿನ ಕಳೆದಂತೆ ಅಂಟಂಟಾಗುತ್ತದೆ. ಮಷಿನ್ ಎಣ್ಣೆಯೇ ಸರಿ.

ಎತ್ತಿಡುವಾಗ ಚರ್ಮದ ಚೀಲ ಬೇಡ. ಅದು ತೇವ ಹಿಡಿದುಕೊಳ್ಳುತ್ತದೆ, ಧಾರವಾಡದ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಗದಗದ ಒಣಹವೆಯವರೂ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಆಮೆಚಿಪ್ಪಿನಂತೆ, ಮುತ್ತಿನಂತೆ ಹೊಳೆಯುವ ಹಳೇ ಹಿಡಿಗಳಲ್ಲಿ ಎಷ್ಟೋ ಸೆಲ್ಯುಲಾಯ್ಡ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್ಕಿನವು. ಅದು ಹಳತಾಗಿ ಕೆಡುವಾಗ ಬಿಡುವ ಆಮ್ಲದ ಆವಿ ಪಕ್ಕದ ಚಾಕುಗಳಿಗೂ ಜಂಗು ಹತ್ತಿಸುತ್ತದೆ. ಬೇಗ ಬೆಂಕಿಯೂ ಹತ್ತುವ ವಸ್ತುವದು. ಹಿಡಿಯಲ್ಲಿ ಸಣ್ಣ ಬಿರುಕು, ಹುಳಿ ವಾಸನೆ ಕಂಡರೆ ಆ ಚಾಕನ್ನು ಅದೇ ದಿನ ಉಳಿದವುಗಳಿಂದ ಬೇರೆ ಮಾಡಿ, ಒಲೆ ಮತ್ತು ಬಿಸಿಲಿನಿಂದ ದೂರ, ಗಾಳಿಯಾಡುವ ಕಡೆ ಇಡಿ.