ಆರ್‌ಎಕ್ಸ್ 100 ಬೋರಿಂಗ್: ಮೊದಲು ಪಿಸ್ಟನ್, ಆಮೇಲೆ ಲೇತ್

ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ ಸೀಜ್ ಆಯಿತು, ಅಂದರೆ ಪಿಸ್ಟನ್ ಕಾದು ಸಿಲಿಂಡರ್‌ನಲ್ಲಿ ಕಚ್ಚಿಕೊಂಡಿತು. ಹೊಸ ಬ್ಲಾಕ್ ಕಿಟ್ (ಸಿಲಿಂಡರ್, ಪಿಸ್ಟನ್ ಸೆಟ್) ಹಾಕಿಸು ಅಂದರು ಎಲ್ಲರೂ. ಸುಮ್ನೆ ದುಡ್ಡು ದಂಡ. ಹಳೆ ಲೈನರ್ (ಸಿಲಿಂಡರ್ ಒಳಗಿನ ಕೊಳವೆ) ಗಟ್ಟಿ ಇದ್ದರೆ ಬೋರ್ ಮಾಡಿಸಿದರೆ, ಅಂದರೆ ಒಳಗೋಡೆ ಸ್ವಲ್ಪ ಕೊರೆದು ಅಗಲ ಮಾಡಿಸಿದರೆ ಸಾಕು.

ಸಿಲಿಂಡರ್‌ನ ಮೂಲ ಒಳ ಅಗಲ (ಬೋರ್) 50 ಮಿ.ಮೀ. ಮೊದಲು ಅದಕ್ಕಿಂತ ತುಸು ದಪ್ಪದ ಓವರ್‌ಸೈಜ್ ಪಿಸ್ಟನ್ ತನ್ನಿ, ಅದನ್ನು ಲೇತಿನವರ ಕೈಗೆ ಕೊಟ್ಟು ಅದರ ಅಳತೆಗೇ ಬೋರ್ ಮಾಡಿಸಿ. ಆಮೇಲೆ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿ) ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಚೂಪಾಗಿದ್ದರೆ ಸ್ವಲ್ಪ ಉಜ್ಜಿ ಮೊಂಡು ಮಾಡಿಸಿ, ಇಲ್ಲದಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಸಿಕ್ಕಿ ಮುರಿಯುತ್ತದೆ.

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಪೈಪ್ ಸಿಲಿಂಡರ್‌ಗೆ ಸೇರುವ ಕಡೆಗಿರಲಿ. ರಿಂಗಿನ ಬಾಯಿ ಪಿಸ್ಟನ್ ಕಾಲುವೆಯಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸಣ್ಣ ಲಾಕ್ ಹಾಕುವ ಮೊದಲು ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಪೆಟ್ಟಿಗೆ) ಬಾಯಿಗೆ ಬಟ್ಟೆ ತುರುಕಿ. ನನ್ನ ಲಾಕ್ ಟಣ್ ಅಂತ ಒಳಗೆ ಬಿದ್ದು ಅರ್ಧ ದಿನ ಹಾಳಾಯಿತು. ಹಳೆ ಲಾಕ್, ಹಳೆ ಗ್ಯಾಸ್ಕೆಟ್ ಮಾತ್ರ ಬೇಡವೇ ಬೇಡ.

ಸೀಜ್ ಆಗಿದ್ದು ಯಾಕೆ ಅಂತ ಹುಡುಕದೆ ಎಂಜಿನ್ ಕಟ್ಟಬೇಡಿ. ನನ್ನ ಗಾಡಿಯಲ್ಲಿ ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಸೀಳಿತ್ತು. ಅಲ್ಲಿಂದ ಗಾಳಿ ಜಾಸ್ತಿ ಎಳೆದು ಪಿಸ್ಟನ್ ಕಾದಿತ್ತು. ಆ ರಬ್ಬರ್ ಬದಲಿಸದೆ ಇದ್ದಿದ್ದರೆ ಹೊಸ ಪಿಸ್ಟನ್ನೂ ಅದೇ ಘಟ್ಟದಲ್ಲಿ ಹೋಗುತ್ತಿತ್ತು, ಅಲ್ವಾ?